ಮುನ್ನೂರು ಪದಗಳೊಳಗೆ ಅಪ್ಪ

ಅಕ್ಟೋಬರ್ 9, ಸೋಮವಾರ

ನನ್ನಪ್ಪ ಏನು ಕೆಲಸ ಮಾಡುತ್ತಿದ್ದ ಅಂತ ಇವರಿಗೇಕೆ ಬೇಕು? ಅದೂ ಈಗಿನದಲ್ಲ, ನನಗೆ ಹದಿನಾಲ್ಕು ವರ್ಷವಾಗಿದ್ದಾಗಿನದು! ಲಂಡನ್ನಿನ ವಕೀಲರ ಸಂಸ್ಥೆಗಳ ಅರ್ಜಿ ಯಾವುದೇ ತೆಗೆಯಲಿ, ಕೊನೆಯ ಪುಟದಲ್ಲಿ ಇದೇ ಪ್ರಶ್ನೆ. ಶಾಲೆಯಲ್ಲಿ ಪುಕ್ಕಟೆ ಊಟ ತಿಂದಿದ್ದೀರಾ? ಮನೆಯಲ್ಲಿ ಯಾರಾದರೂ ಕಾಲೇಜು ಮೆಟ್ಟಿಲು ಹತ್ತಿದ್ದಾರಾ? ನಮ್ಮಂಥವರಿಗೆ ದಾರಿ ಮಾಡಿಕೊಡಲಿಕ್ಕಂತೆ. ಕಳೆದ ವರ್ಷ ಇಪ್ಪತ್ತಾರು ಅರ್ಜಿಯಲ್ಲೂ ಇದಕ್ಕೆಲ್ಲ ನಿಯತ್ತಾಗಿ ಉತ್ತರ ಬರೆದೆ. ಯಾವ ದಾರಿ ಆಯಿತು? ಇಪ್ಪತ್ತಾರು ಜನರೂ ಬಾಗಿಲು ಹಾಕಿದರು.

ಕಾನೂನು ಪದವಿ ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕಷ್ಟೆ. ಯಾವುದಾದರೂ ಸಂಸ್ಥೆ ಎರಡು ವರ್ಷದ ಟ್ರೈನಿಂಗ್ ಕಾಂಟ್ರಾಕ್ಟ್ ಕೊಟ್ಟು, ಮುಂದಿನ ಪರೀಕ್ಷೆಯ ಫೀಸನ್ನೂ ತಾನೇ ಕಟ್ಟಿದರೆ ಮಾತ್ರ ನನ್ನಂಥವಳು ಸಾಲಿಸಿಟರ್ ಆಗುವುದು. ಅದು ಸಿಗಬೇಕಾದರೆ ಮೊದಲು ರಜೆಯಲ್ಲಿ ಎರಡು ವಾರ ಅವರ ಕಚೇರಿಯಲ್ಲಿ ಕೂತು ಮುಖ ತೋರಿಸಬೇಕು. ಅದಕ್ಕೆ ವೆಕೇಶನ್ ಸ್ಕೀಮ್ ಅಂತ ಹೆಸರು. ಆ ಎರಡು ವಾರಕ್ಕೂ ಅರ್ಜಿ, ಪರೀಕ್ಷೆ, ಸಂದರ್ಶನ. ಈ ವರ್ಷವೂ ಆಗದಿದ್ದರೆ ಬಿಟ್ಟುಬಿಡುತ್ತೇನೆ. ಈಗ ಕೆಲಸ ಮಾಡುವ ಪಾಲೀನಳ ಅಂಗಡಿಯಲ್ಲೇ ಮೀನು ಕರಿದುಕೊಂಡು ಇರುತ್ತೇನೆ.

ಸಂಜೆ ಅಪ್ಪನನ್ನೇ ಕೇಳಿದೆ. ಕೋಲ್ಡ್ ಸ್ಟೋರೇಜಿನ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ.

"ಮೀನು ಸೀಳೋನು ಅಂತ ಬರಿ. ಇಡೀ ಗ್ರಿಮ್ಸ್‌ಬಿಯಲ್ಲಿ ಟ್ರೆವರ್ ಓಡ್ಲಿಂಗ್ ಥರ ಹ್ಯಾಡಕ್ ಮೀನು ಸೀಳೋನು ಇನ್ನೊಬ್ಬ ಇರಲಿಲ್ಲ ಅಂತ್ಲೂ ಬರಿ."

"ಆ ವರ್ಷ ನಿಂಗೆ ಕೆಲಸ ಹೋಗಿತ್ತಲ್ಲಪ್ಪ."

"ಹನ್ನೊಂದೇ ವಾರ ಕಣೇ! ಒಂದು ದಿನಾನೂ ಸರ್ಕಾರದ ಮುಂದೆ ಕೈ ಚಾಚಲಿಲ್ಲ. ಅದನ್ನೆಲ್ಲ ಬರೀಬೇಡ."

ಬರೆಯಲಿಲ್ಲ. "ಕಷ್ಟವೊಂದನ್ನು ನೀವು ಎದುರಿಸಿದ ಬಗೆ, ಮುನ್ನೂರು ಪದ ಮೀರದಂತೆ" ಅನ್ನುವ ಪ್ರಶ್ನೆಗೆ, ಆಗಸ್ಟಿನ ರಜೆಯ ಸೋಮವಾರ ಕ್ಲೀಥಾರ್ಪ್ಸ್ ಕಡಲತೀರಕ್ಕೆ ಬಂದ ಜನವನ್ನೆಲ್ಲ ಅಂಗಡಿಯಲ್ಲಿ ಒಬ್ಬಳೇ ನಿಭಾಯಿಸಿದ್ದನ್ನು ಬರೆದೆ. ಒಂದು ಎಣ್ಣೆ ಬಾಣಲೆ ಕೆಟ್ಟಿತ್ತು, ಇಬ್ಬರು ಕೆಲಸಕ್ಕೆ ಚಕ್ಕರ್ ಹಾಕಿದ್ದರು, ಸಾಲು ಬಸ್ ನಿಲ್ದಾಣದ ತನಕ. ಇದು ಕಷ್ಟವಲ್ಲದಿದ್ದರೆ ಕಷ್ಟ ಅಂದರೆ ಯಾವುದು ಸ್ವಾಮಿ?

ನವೆಂಬರ್ 2, ಗುರುವಾರ

ಐದು ತಿರಸ್ಕಾರ. ಒಂದು ಬೆಳಗ್ಗೆ ಆರೂ ಕಾಲಿಗೆ ಬಂತು. ಕೋಳಿ ಕೂಗುವ ಮೊದಲೇ ಎದ್ದು ನನ್ನನ್ನು ಬೇಡ ಅನ್ನುವಷ್ಟು ಶ್ರದ್ಧೆ ಯಾರಿಗಿದೆಯಪ್ಪಾ ಅಂತ ನೋಡಿದರೆ, ಕಳಿಸಿದ್ದು ಯಂತ್ರ. ಉತ್ತರಿಸಬೇಡಿ ಅಂತ ಕೆಳಗೆ ಬರೆದಿತ್ತು. ಉತ್ತರಿಸಿದೆ. ವಾಪಸ್ ಬಂತು.

ಮಧ್ಯಾಹ್ನ ವೆಂಟ್ರಿಸ್ ಪೆಲ್ ಅನ್ನುವ ದೊಡ್ಡ ಸಂಸ್ಥೆಯವರು ಕಂಪ್ಯೂಟರಿನಲ್ಲೇ ಒಂದು ಸಭೆ ಇಟ್ಟಿದ್ದರು. ಅರ್ಜಿ ಹೇಗೆ ಬರೆಯಬೇಕು ಅಂತ. ನೇಮಕಾತಿ ನೋಡಿಕೊಳ್ಳುವ ಇಮೊಜೆನ್ ಅನ್ನುವವಳು ಮಾತಾಡಿದಳು, ಪ್ರತಿ ವಾಕ್ಯಕ್ಕೂ ಒಂದು ನಗೆ. ಕಳೆದ ವರ್ಷ ಆಯ್ಕೆಯಾದ ಟೋಬಾಯಸ್ ಅನ್ನುವವನ ಉತ್ತರವನ್ನು ಮಾದರಿ ಅಂತ ಓದಿದಳು. ಆ ಮಹಾಶಯ ಆಲ್ಪ್ಸ್ ಬೆಟ್ಟದಲ್ಲಿ ಹಿಮದ ಮೇಲೆ ಜಾರುವಾಗ ಕಾಲು ಮುರಿದುಕೊಂಡನಂತೆ, ಮನೋಬಲದಿಂದ ಮತ್ತೆ ಜಾರಿದನಂತೆ. ಅಯ್ಯೋ ಪಾಪ! ಜಾರಲು ಹೋಗದಿದ್ದರೆ ಮುರಿಯುತ್ತಲೇ ಇರಲಿಲ್ಲ ಅಂತ ಕೇಳುವವರು ಯಾರೂ ಇಲ್ಲ.

"ನಿಮ್ಮ ಬದುಕಿನಿಂದಲೇ ತೆಗೆದು ಬರೀರಿ," ಅಂದಳು ಇಮೊಜೆನ್.

ನನ್ನ ಬದುಕಿನಿಂದ? ಸರಿ, ಬರೆಯೋಣ. ಟೋಬಾಯಸನ ಕಾಲಿಗಿಂತ ದೊಡ್ಡದು ನಮ್ಮ ಮನೆಯಲ್ಲೇ ಇದೆ. ನನಗೆ ಹದಿನಾಲ್ಕಾಗಿದ್ದಾಗ, ಅಪ್ಪ ಕೆಲಸಕ್ಕಿದ್ದ ಮೀನಿನ ಕಾರ್ಖಾನೆ ಒಂದು ಮಂಗಳವಾರ ಬೆಳಗ್ಗೆ ಹೇಳದೆ ಕೇಳದೆ ಮುಚ್ಚಿತು. ಮೂವತ್ತೆರಡು ಜನ ಗೇಟಿನ ಹೊರಗೆ. ಎಲ್ಲರೂ ಬೈದು ಸುಮ್ಮನಾದರು, ಅಪ್ಪ ಮಾತ್ರ ಸೀದಾ ಊರಿನ ಗ್ರಂಥಾಲಯಕ್ಕೆ ಹೋದ. ಮೂರು ದಿನ ಕೂತು ಕಾರ್ಮಿಕ ಕಾನೂನಿನ ಪುಸ್ತಕ ಓದಿದ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ತೆಗೆಯುವುದಾದರೆ ಒಂದು ತಿಂಗಳು ಮೊದಲೇ ಕೂತು ಮಾತಾಡಬೇಕು ಅನ್ನುವುದನ್ನು ಹುಡುಕಿದ. ಕಂಪನಿಗೆ ಪತ್ರ ಬರೆದ. ಅಪ್ಪನ ಅಕ್ಷರ ಕೋಳಿ ಕೆದರಿದಂತೆ, ಕಾಗುಣಿತ ದೇವರಿಗೇ ಪ್ರೀತಿ. ಅದಕ್ಕೇ ಅಡುಗೆಮನೆಯಲ್ಲಿ ಆಚೆ ಈಚೆ ನಡೆಯುತ್ತ ಅವನು ಹೇಳಿದ, ನಾನು ನೀಟಾಗಿ ಬರೆದುಕೊಟ್ಟೆ. ನಡುನಡುವೆ "ಇದನ್ನ ಇನ್ನೂ ಸ್ವಲ್ಪ ಖಾರವಾಗಿ ಹಾಕು" ಅನ್ನುತ್ತಿದ್ದ. ಕಂಪನಿ ತೆಪ್ಪಗೆ ಮೂವತ್ತೆರಡು ಜನಕ್ಕೂ ಬರಬೇಕಾದ್ದನ್ನು ಕೊಟ್ಟಿತು. ಇವತ್ತಿಗೂ ಕಾರ್ಮಿಕರ ಕ್ಲಬ್ಬಿನಲ್ಲಿ ಅಪ್ಪನನ್ನು ಯಾರೂ ಟ್ರೆವರ್ ಅನ್ನುವುದಿಲ್ಲ, "ಬಾರಯ್ಯ ಲಾಯರು" ಅನ್ನುತ್ತಾರೆ. ಅವನಿಗೆ ಅದರಲ್ಲಿ ಎಷ್ಟು ಖುಷಿ ಅಂದರೆ, ಖುಷಿಯಿಲ್ಲದವನ ಹಾಗೆ ಮುಖ ಮಾಡುತ್ತಾನೆ.

ಇದನ್ನು ಹೀಗೇ ಬರೆದು ಇವತ್ತೇ ಇನ್ನೊಂದು ಸಂಸ್ಥೆಗೆ ಕಳಿಸಿದೆ.

ನವೆಂಬರ್ 28, ಮಂಗಳವಾರ

ಇವರಿಗೆ ತಲೆ ನೆಟ್ಟಗಿದೆಯೇ? ಆ ಸಂಸ್ಥೆಯವರು ಬೇಡ ಅಂದದ್ದಲ್ಲದೆ ಕಾರಣವನ್ನೂ ಕಳಿಸಿದ್ದಾರೆ. "ಉತ್ತರ ಮನಮುಟ್ಟುವಂತಿದೆ. ಆದರೆ ಇದರಲ್ಲಿ ನಿಮ್ಮ ತಂದೆಯ ಪಾತ್ರ ಕಾಣುತ್ತದೆ, ನಿಮ್ಮ ಪಾತ್ರ ಕಾಣುವುದಿಲ್ಲ." ಹಾಗಾದರೆ ಕೆಲಸ ಅಪ್ಪನಿಗೇ ಕೊಡ್ರಯ್ಯ!

ಕಾಲೇಜಿನ ಉದ್ಯೋಗ ಸಲಹೆಗಾರನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಎಮ್ಮೆ ಮೇಲೆ ಮಳೆ ಸುರಿದಂತೆ ಕೇಳಿಸಿಕೊಂಡ.

"ಹೇಜಲ್, ಇದು ಎಲ್ಲರೂ ಮಾಡೋ ತಪ್ಪೇ. 'ನಾವು' ಅನ್ನೋ ಪದ ಅರ್ಜಿಯಲ್ಲಿ ಇರಲೇಬಾರದು. 'ನಾನು' ಅನ್ನಬೇಕು. ಒಂದೊಂದು ವಾಕ್ಯಾನೂ ಹಿಡ್ಕೊಂಡು 'ಇದರಲ್ಲಿ ನಾನು ಏನು ಮಾಡಿದೆ' ಅಂತ ಕೇಳ್ಕೋ."

"ಮಾಡಿದ್ದೇ ಇನ್ನೊಬ್ರಾದ್ರೆ?"

"ನೀನೂ ಅಲ್ಲಿ ಇದ್ದೆ ತಾನೆ?"

ಇದ್ದೆ. ಅದಂತೂ ನಿಜ.

ಡಿಸೆಂಬರ್ 14, ಗುರುವಾರ

ವೆಂಟ್ರಿಸ್ ಪೆಲ್‌ಗೆ ಕೊನೆಯ ದಿನ ನಾಳೆ. ಉತ್ತರವನ್ನು ಹನ್ನೊಂದು ಸಲ ತಿದ್ದಿದೆ. ಮೊದಲು "ಅಪ್ಪ ಹೇಳಿದ, ನಾನು ಬರೆದೆ" ಅಂತಿತ್ತು. ಅದು "ಅಪ್ಪ ಮತ್ತು ನಾನು ಸೇರಿ ಬರೆದೆವು" ಆಯಿತು. ಆದರೆ ಬರೆದೆವು ಅನ್ನುವ ಹಾಗಿಲ್ಲವಲ್ಲ, ಆ ದರಿದ್ರ ನಿಯಮ! "ನಾನು ಬರೆದೆ" ಅಂತ ಹಾಕಿದೆ. ಸುಳ್ಳೇನಲ್ಲ. ಕೈಬರಹ ನನ್ನದೇ. ಗ್ರಂಥಾಲಯದ ಸಾಲು ಉಳಿಸಿಕೊಳ್ಳಲು ಜಾಗವಿರಲಿಲ್ಲ. ಹನ್ನೊಂದು ವಾರ ಅಂದರೆ ಇವರಿಗೆ ಒಂದು ರಜೆಯ ಲೆಕ್ಕ, ಅದಕ್ಕೆ "ಒಂದೂವರೆ ವರ್ಷ" ಅಂತ ಮಾಡಿದೆ. ಮನೆಯಲ್ಲಿ ಅದು ಅಷ್ಟು ಉದ್ದವಾಗಿಯೇ ಅನ್ನಿಸಿತ್ತು.

ಅಮ್ಮ ಚಹಾ ತಂದವಳು ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು.

"ಲೆಟರ್ ಬರ್ದಿದ್ದು ನಿಮ್ಮಪ್ಪ ಅಲ್ವೇನೇ?"

"ಪೆನ್ನು ಯಾರ ಕೈಲಿತ್ತಮ್ಮ?"

"ಪೆನ್ನು ನಿನ್ನ ಕೈಲಿತ್ತು. ತಲೆ ಅವ್ರದ್ದಲ್ವಾ?"

"ಇಪ್ಪತ್ತಾರು ಸಲ ನಿಜ ಹೇಳಿ ಏನು ಬಂತು ನಂಗೆ? ಆ ಟೋಬಾಯಸ್ ಮುರಿದ ಕಾಲು ಮಾರ್ಕೊಂಡು ತಿಂತಿದಾನೆ, ನಾನು ಒಂದು ಪದ ಆಚೆ ಈಚೆ ಮಾಡಿದ್ರೆ ತಪ್ಪಾ?"

"ನಂಗೇನು ತಿಳಿಯುತ್ತೆ," ಅಂದಳು. "ನಿಮ್ಮಪ್ಪಂಗೆ ಒಂದು ಮಾತು ಹೇಳಿಬಿಡು."

ಹೇಳುವುದೇನಿದೆ? ಈ ಅರ್ಜಿ ಓದುವವರಲ್ಲಿ ಅಪ್ಪನನ್ನು ಬಲ್ಲವರು ಒಬ್ಬರೂ ಇಲ್ಲ. ಕೊನೆಯಲ್ಲಿ "ಮೇಲಿನದೆಲ್ಲವೂ ಸತ್ಯ" ಅನ್ನುವ ಚೌಕ ಇತ್ತು. ಒತ್ತಿ ಕಳಿಸಿದೆ. ಒತ್ತದಿದ್ದರೆ ಅರ್ಜಿ ಹೋಗುವುದೇ ಇಲ್ಲ, ಇವರು ಹಾಗೆ ಮಾಡಿಟ್ಟಿದ್ದಾರೆ.

ಜನವರಿ 11, ಗುರುವಾರ

ವೆಂಟ್ರಿಸ್ ಪೆಲ್ ಕರೆಯಿತು! ಕರೆದದ್ದು ಮನುಷ್ಯರ ಮುಂದಲ್ಲ, ಕ್ಯಾಮೆರಾದ ಮುಂದೆ. ಪರದೆಯ ಮೇಲೆ ಪ್ರಶ್ನೆ ಬರುತ್ತದೆ, ಅರ್ಧ ನಿಮಿಷ ಯೋಚನೆ, ಎರಡು ನಿಮಿಷ ಮಾತು. ಆ ಕಡೆ ಒಂದು ನರಪಿಳ್ಳೆಯೂ ಇಲ್ಲ. ನನ್ನದೇ ಮುಖ ನೋಡಿಕೊಂಡು ನನ್ನನ್ನೇ ಹೊಗಳಿಕೊಳ್ಳಬೇಕು. ಹುಚ್ಚಾಸ್ಪತ್ರೆಯಲ್ಲೂ ಇದಕ್ಕಿಂತ ಮರ್ಯಾದೆ ಇರುತ್ತದೆ.

ಮೂರನೆಯ ಪ್ರಶ್ನೆ ಪತ್ರದ್ದೇ. ಬಾಯಿಗೆ ಬಂದದ್ದನ್ನು ಹೇಳಿದೆ, ಆದರೆ ಚೆನ್ನಾಗಿ ಬಂತು. ನಾನು ಆ ಪತ್ರ ಬರೆಯುವಾಗ ಅಪ್ಪ ಅಡುಗೆಮನೆಯ ಮೇಜಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ ಅಂದೆ. ಕೆಳಗೆ ಅಪ್ಪ ಟಿವಿಯಲ್ಲಿ ಫುಟ್‌ಬಾಲ್ ನೋಡುತ್ತ ಕೂಗಾಡುತ್ತಿದ್ದ. ಆಮೇಲೆ ಹೋಗಿ ಚೆನ್ನಾಗಿ ಬೈದೆ.

"ನಂಗೇನು ಗೊತ್ತು ಪುಟ್ಟಿ, ನೀನು ಕೋಣೇಲಿ ಒಬ್ಳೇ ಮಾತಾಡ್ತಿದ್ದೆ," ಅಂದ. ಟಿವಿ ಆರಿಸಿದ.

ಫೆಬ್ರವರಿ 21, ಬುಧವಾರ

ಲಂಡನ್. ವೆಂಟ್ರಿಸ್ ಪೆಲ್ ಕಚೇರಿಯಲ್ಲಿ ಇಡೀ ದಿನ ಪರೀಕ್ಷೆ. ಆರು ಜನರನ್ನು ಒಂದು ಮೇಜಿನ ಸುತ್ತ ಕೂರಿಸಿ ಚರ್ಚೆ ಮಾಡಿ ಅಂದರು. ಯಾರು ಯಾರ ಮಾತು ಕತ್ತರಿಸುತ್ತಾರೆ ಅಂತ ಗೋಡೆಯ ಪಕ್ಕ ನಿಂತವರು ಬರೆದುಕೊಳ್ಳುತ್ತಿದ್ದರು. ನನ್ನ ಪಕ್ಕದವಳ ಚಿಕ್ಕಪ್ಪ ಇಲ್ಲಿ ಮೊದಲು ಪಾಲುದಾರನಾಗಿದ್ದನಂತೆ. ನೀನು ಎಲ್ಲಿಯವಳು ಅಂದಳು. ಗ್ರಿಮ್ಸ್‌ಬಿ ಅಂದೆ. "ಓ, ಎಷ್ಟು ಚಂದ," ಅಂದಳು. ನಮ್ಮೂರನ್ನು ಚಂದ ಅಂದವರನ್ನು ನಾನು ಇವತ್ತೇ ನೋಡಿದ್ದು.

ಸಂದರ್ಶನ ಮಾಡಿದವಳು ಫಿಲಿಪಾ ಗ್ಯಾಸ್ಕಿನ್, ದೊಡ್ಡ ಪಾಲುದಾರಳು. ನನ್ನ ಹಾಳೆಯ ಮೇಲೆ ಬೆರಳಿಟ್ಟು, "ಹದಿನಾಲ್ಕು ವರ್ಷಕ್ಕೆ! ಆ ನಿಯಮ ನಿನಗೆ ಗೊತ್ತಾದದ್ದಾದರೂ ಹೇಗೆ?" ಅಂದಳು.

ಊರಿನ ಗ್ರಂಥಾಲಯ ಅಂದೆ. ಶಾಲೆ ಬಿಟ್ಟ ಮೇಲೆ ಮೂರು ದಿನ ಹೋಗಿ ಕೂತೆ ಅಂದೆ. ಕಿಟಕಿಯ ಪಕ್ಕದ ಮೇಜು, ಬೆನ್ನು ಹರಿದ ನೀಲಿ ಪುಸ್ತಕ, ಮುಚ್ಚುವ ಹೊತ್ತಾಯಿತು ಅಂತ ಕೆಮ್ಮುವ ಗ್ರಂಥಪಾಲಕಿ, ಎಲ್ಲ ಕಣ್ಣಿಗೆ ಕಟ್ಟಿದ ಹಾಗೆ ಹೇಳಿದೆ. ಅಪ್ಪನ ಬಾಯಲ್ಲಿ ಎಷ್ಟು ಸಲ ಕೇಳಿಲ್ಲ! ಫಿಲಿಪಾ ಕನ್ನಡಕ ತೆಗೆದಳು. ಅವಳಿಗೆ ಒಳಗೆ ತಟ್ಟಿತು ಅಂತ ಗೊತ್ತಾಯಿತು.

ಚಿಕ್ಕಪ್ಪನಿದ್ದವಳಿಗೆ ಇಂಥದೊಂದು ಹೇಳಲು ಬರುತ್ತದೆಯೇ? ಬರಲಿ ನೋಡೋಣ.

ಮಾರ್ಚ್ 5, ಮಂಗಳವಾರ

ಸಿಕ್ಕಿತು. ವೆಕೇಶನ್ ಸ್ಕೀಮ್ ಸಿಕ್ಕಿತು. ಅಮ್ಮ ಅತ್ತಳು. ಅಪ್ಪ ಕ್ಲಬ್ಬಿಗೆ ಹೋಗಿ ಎಲ್ಲರಿಗೂ ಬಿಯರ್ ಕೊಡಿಸಿ ಬಂದ. "ಲಾಯರಿನ ಮಗಳೂ ಲಾಯರು ಅಂದ ಕೆನ್," ಅಂತ ಮೂರು ಸಲ ಹೇಳಿದ. ಕೆನ್ ಅವನ ಜೊತೆ ಅದೇ ಕಾರ್ಖಾನೆಯಲ್ಲಿದ್ದವನು.

ಆ ಹಳೇ ತಮಾಷೆ ಇನ್ನೂ ಬಿಟ್ಟಿಲ್ಲ ಅವರು. ಯಾಕೋ ಸ್ವಲ್ಪ ಕಿರಿಕಿರಿಯಾಯಿತು.

ಜುಲೈ 5, ಶುಕ್ರವಾರ

ಎರಡು ವಾರ ಮುಗಿಯಿತು. ಬರೆಯಲು ಪುರುಸೊತ್ತೇ ಆಗಲಿಲ್ಲ. ಹಗಲೆಲ್ಲ ಕಡತ, ಸಂಜೆಯೆಲ್ಲ ವೈನ್ ಹಿಡಿದುಕೊಂಡು ನಗುವುದು. ಆ ನಗುವಿಗೂ ಅಂಕವಿದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಫಿಲಿಪಾ ನನ್ನನ್ನು ಕಂಡ ಕಂಡವರಿಗೆಲ್ಲ "ಇವಳೇ ಪತ್ರದ ಹುಡುಗಿ" ಅಂತ ತೋರಿಸಿದಳು. ಹತ್ತಾರು ಸಲ ಕಥೆ ಹೇಳಿದೆ. ಈಗ ಎಲ್ಲಿ ನಿಲ್ಲಿಸಿದರೆ ಎದುರಿನವರು ಉಸಿರು ಹಿಡಿಯುತ್ತಾರೆ ಅಂತ ಚೆನ್ನಾಗಿ ಗೊತ್ತು.

ಜುಲೈ 19, ಶುಕ್ರವಾರ

ಟ್ರೈನಿಂಗ್ ಕಾಂಟ್ರಾಕ್ಟ್ ಕೊಟ್ಟರು! ಕೊಡದೆ ಏನು ಮಾಡುತ್ತಾರೆ! ಎರಡು ವರ್ಷ ಗೋಳು ಹೊಯ್ದುಕೊಂಡ ಮೇಲೆ ಕೊಟ್ಟರು. ಅಂಗಡಿಯಲ್ಲಿ ಪಾಲೀನ್ ಕೈಯಲ್ಲಿದ್ದ ಜರಡಿ ಬಿಟ್ಟು ತಬ್ಬಿಕೊಂಡಳು. "ನೋಡೇ, ದೊಡ್ಡ ವಕೀಲಮ್ಮ ಆದ್ಮೇಲೆ ನಮ್ಮನ್ನ ಮರೀಬೇಡ. ಮರೆತ್ರೆ ಲಂಡನ್ನಿಗೇ ಬಂದು ಜುಟ್ಟು ಹಿಡೀತೀನಿ," ಅಂದಳು.

ಇಮೊಜೆನ್ ಫೋನ್ ಮಾಡಿ, ನನ್ನ ಕಥೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಫೋಟೋ ಸಮೇತ ಹಾಕುತ್ತೇವೆ, ನಿನ್ನಂಥ ಹಿನ್ನೆಲೆಯ ಮಕ್ಕಳಿಗೆ ಧೈರ್ಯ ಬರುತ್ತದೆ ಅಂದಳು. ಹಿನ್ನೆಲೆಯಂತೆ! ಆದರೂ ಹೂಂ ಅಂದೆ. ಇನ್ನೂ ಸಹಿ ಆಗಿಲ್ಲ, ಬೇಡ ಅನ್ನುವುದು ಹೇಗೆ?

ಆಗಸ್ಟ್ 22, ಗುರುವಾರ

ಹಾಕಿದ್ದಾರೆ. ಫೋಟೋದಲ್ಲಿ ಮೂಗು ದಪ್ಪ ಕಾಣುತ್ತದೆ. ಅಮ್ಮ ಓದಿದಳು. ಅಪ್ಪನಿಗೆ ತೋರಿಸು ಅಂದರೆ, "ನೀನೇ ತೋರಿಸ್ಕೋ," ಅಂದುಬಿಟ್ಟಳು. ಈ ಮನೆಯಲ್ಲಿ ಒಂದು ಒಳ್ಳೆಯ ಸುದ್ದಿಯನ್ನೂ ನೆಟ್ಟಗೆ ಅನುಭವಿಸಲು ಬಿಡುವುದಿಲ್ಲ.

ಅಪ್ಪ ಕಂಪ್ಯೂಟರ್ ಮುಟ್ಟುವವನಲ್ಲ. ತೋರಿಸಿದರೂ ಆಯಿತು, ಬಿಟ್ಟರೂ ಆಯಿತು.

ಸೆಪ್ಟೆಂಬರ್ 13, ಶುಕ್ರವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ. ಹೊಸದಾಗಿ ಆಯ್ಕೆಯಾದವರ ಮನೆಯವರಿಗೆ ಸಂಸ್ಥೆಯಲ್ಲಿ ಮಧ್ಯಾಹ್ನದ ಊಟವಿತ್ತು. ಅಮ್ಮನಿಗೆ ರಜೆ ಸಿಗಲಿಲ್ಲ, ಅಥವಾ ಕೇಳಲಿಲ್ಲ. ಅಪ್ಪ ಒಬ್ಬನೇ ಬಂದ. ಸೂಟು ಹಾಕಿಕೊಂಡಿದ್ದ. ರೈಲಿನಲ್ಲಿ ಮಡಿಕೆ ಹಾಳಾಗುತ್ತದೆ ಅಂತ ಅರ್ಧ ದಾರಿ ನಿಂತೇ ಬಂದ. ಕೂತ್ಕೋಪ್ಪ ಅಂತ ಗದರಿದೆ.

ಊಟ ಚೆನ್ನಾಗಿಯೇ ಇತ್ತು. ಅಪ್ಪ ತಟ್ಟೆಯ ಮೀನು ನೋಡಿ, "ಇದನ್ನ ಸೀಳಿದೋನು ಕಣ್ಣು ಮುಚ್ಕೊಂಡು ಸೀಳಿದಾನೆ," ಅಂತ ಪಕ್ಕದವರಿಗೆ ಹೇಳಿದ. ಅವರು ನಕ್ಕರು. ಅವನೂ ನಕ್ಕ. ಎಲ್ಲ ಸರಿಯಾಗೇ ಇತ್ತು. ಅಷ್ಟರಲ್ಲಿ ಫಿಲಿಪಾ ಬಂದಳು.

"ಮಿಸ್ಟರ್ ಓಡ್ಲಿಂಗ್! ನಿಮ್ಮನ್ನು ನೋಡಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೆ. ಒಂದೂವರೆ ವರ್ಷ ಕೆಲಸವಿಲ್ಲದೆ ಎಂಥಾ ಕಷ್ಟಪಟ್ಟಿದ್ದೀರಿ ನೀವು. ಅಂಥಾ ಹೊತ್ತಲ್ಲಿ ಹದಿನಾಲ್ಕು ವರ್ಷದ ಮಗು ಗ್ರಂಥಾಲಯಕ್ಕೆ ಹೋಗಿ, ಕಾನೂನು ಹುಡುಕಿ, ನಿಮ್ಮೆಲ್ಲರ ಪರವಾಗಿ ಪತ್ರ ಬರೆದು ಗೆಲ್ಲೋದು ಅಂದ್ರೆ! ಆಗ ನಿಮಗೆ ಏನನ್ನಿಸ್ತು?"

ಅಪ್ಪ ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ. ಕೈಯಲ್ಲಿದ್ದ ಫೋರ್ಕನ್ನು ತಟ್ಟೆಯ ಅಂಚಿಗೆ ಮೆಲ್ಲಗೆ ಇಟ್ಟ.

"ಹೆಮ್ಮೆ ಅನ್ನಿಸ್ತು ಮೇಡಂ," ಅಂದ. "ಅವಳಿಲ್ಲದಿದ್ರೆ ನಮ್ಮ ಕೈಲಿ ಏನಾಗ್ತಿತ್ತು."

ಮೇಜಿನವರೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪನೂ ತಟ್ಟಿದ.

ವಾಪಸ್ ಬರುವಾಗ ಡಾಂಕಾಸ್ಟರ್ ತನಕ ಒಂದು ಮಾತಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಬೈಯುವುದಾದರೆ ಬೈಯಬೇಕು, ಹೀಗೆ ಬಾಯಿಗೆ ಬೀಗ ಹಾಕಿಕೊಂಡು ಕೂತರೆ ಯಾರು ತಡೆದುಕೊಳ್ಳುತ್ತಾರೆ? ನಾನು ಇದನ್ನೆಲ್ಲ ಯಾರಿಗಾಗಿ ಮಾಡಿದೆ? ಈ ಊರಿನಿಂದ ಒಬ್ಬಳಾದರೂ ಅಲ್ಲಿಗೆ ಹೋಗಲಿ ಅಂತ ತಾನೆ? ನಿಯಮ ನಾನು ಮಾಡಿದ್ದೇ? ಇದನ್ನೆಲ್ಲ ಹೇಳಲು ಸಿದ್ಧವಾಗಿ ಕೂತಿದ್ದೆ. ಅವನು ಕೇಳಲೇ ಇಲ್ಲ.

ಡಾಂಕಾಸ್ಟರ್‌ನಲ್ಲಿ ರೈಲು ಬದಲಿಸಿ ಕೂತ ಮೇಲೆ ಬಾಯಿಬಿಟ್ಟ.

"ಅದು ಫೋನಲ್ಲೂ ಬರುತ್ತಂತಲ್ಲ. ಊಟದ ಹತ್ರ ಒಬ್ಬ ಹುಡುಗ ತೋರಿಸ್ದ, ನಿನ್ನ ಫೋಟೋ."

"ಹೂಂ."

"ಕೆನ್ ಮಗಳು ಯಾವಾಗ್ಲೂ ಫೋನಲ್ಲೇ ಇರ್ತಾಳೆ. ನಾಳೆ ಕ್ಲಬ್ಬಲ್ಲಿ ಕೇಳೇ ಕೇಳ್ತಾರೆ. ಏನನ್ಲಿ?"

"ಏನಾದ್ರೂ ಅನ್ನಪ್ಪ."

"ಏನಾದ್ರೂ ಅಂದ್ರೆ ಆಗಲ್ಲ ಪುಟ್ಟಿ. ನಾನೊಂದು ಅಂದು, ನೀನೊಂದು ಅಂದು, ಅದು ಅವ್ರ ಕಿವಿಗೆ ಬಿದ್ರೆ ನಿನ್ನ ಕೆಲಸಕ್ಕೇ ಕುತ್ತು. ವಕೀಲರು ಸುಳ್ಳು ಹೇಳಿದಾರೆ ಅಂತಾದ್ರೆ ಬಿಡ್ತಾರಾ? ಸರಿಯಾಗಿ ಹೇಳ್ಕೊಡು. ಕಲ್ತ್ಕೋತೀನಿ."

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಆದರೆ ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಹೇಳಿಕೊಟ್ಟೆ.

ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಒಪ್ಪಿಸಿದ. "ಹನ್ನೊಂದು ವಾರ ನನಗೆ ಕೆಲಸ ಇರಲಿಲ್ಲ. ದಿಕ್ಕೇ ತೋಚಲಿಲ್ಲ. ನನ್ನ ಮಗಳು ಗ್ರಂಥಾಲಯಕ್ಕೆ ಹೋದ್ಲು, ಅವಳೇ ಲೆಟರ್ ಬರೆದ್ಲು. ಸರಿ ಇದ್ಯಾ?"

"ಹನ್ನೊಂದು ವಾರ ಅಲ್ಲಪ್ಪ," ಅಂದೆ. "ಒಂದೂವರೆ ವರ್ಷ."

"ಹೌದೌದು. ಒಂದೂವರೆ ವರ್ಷ," ಅಂದ. ಮತ್ತೆ ಮೊದಲಿನಿಂದ ಹೇಳಿದ. ಈ ಸಲ ಒಂದೂ ತಪ್ಪಿರಲಿಲ್ಲ.